ಪಂಚಾಯಿತಿ ಗ್ರಂಥಾಲಯದಲ್ಲಿ ತಿಂಗಳ ಕಾರ್ಯಕ್ರಮ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೋರಿಕೆ: ಗ್ರಾಮ ಪಂಚಾಯಿತಿ ಸದಸ್ಯೆ, ಹೊಸದುರ್ಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಗ್ರಂಥಾಲಯಕ್ಕೆ, ಹೊಸ ಕಟ್ಟಡವಾಗಿದೆ, ಗೋಡೆಗೆ ಚಿತ್ರ ಬರೆಸಿದ್ದೇವೆ, ಕಂಪ್ಯೂಟರುಗಳೂ ಬಂದಿವೆ. ಆದರೂ ಬೆಳಿಗ್ಗೆ ದಿನಪತ್ರಿಕೆ ಓದಲು ಬರುವ ಕೆಲವು ಹಿರಿಯರನ್ನು ಬಿಟ್ಟರೆ ಉಳಿದ ಹೊತ್ತು ಕುರ್ಚಿಗಳು ಖಾಲಿ ಇರುತ್ತವೆ. ಪ್ರತಿ ತಿಂಗಳೂ ಏನಾದರೊಂದು ಕಾರ್ಯಕ್ರಮ ಇಟ್ಟುಕೊಳ್ಳಬೇಕೆಂದು ಸಮಿತಿಯಲ್ಲಿ ಮಾತಾಗಿದೆ. ನಿಮ್ಮ ಊರುಗಳಲ್ಲಿ ಯಾವುದು ನಡೆದುಕೊಂಡು ಬಂದಿದೆ, ಯಾವುದು ನಾಲ್ಕು ದಿನ ನಡೆದು ನಿಂತುಹೋಗಿದೆ, ಖರ್ಚಿಗೆ ಏನು ಮಾಡುತ್ತೀರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಗ್ರಂಥಾಲಯ ಮೇಲ್ವಿಚಾರಕಿ, ಶಿರಸಿ ತಾಲ್ಲೂಕು

ಮೇಡಂ, ನಮಸ್ಕಾರ. ಯಾವ ಕಾರ್ಯಕ್ರಮ ಎಂದು ಯೋಚಿಸುವ ಮೊದಲು ನಿಮ್ಮ ಪುಸ್ತಕಗಳು ಎಲ್ಲಿವೆ ಎಂಬುದನ್ನು ಒಮ್ಮೆ ನೋಡಿ. ಬಹಳ ಕಡೆ ಅವು ಗಾಜಿನ ಬಾಗಿಲಿನ ಬೀರುವಿನೊಳಗಿರುತ್ತವೆ, ಬೀರುವಿಗೆ ಬೀಗವಿರುತ್ತದೆ, ಬೀಗದ ಕೈ ಮೇಲ್ವಿಚಾರಕರ ಚೀಲದಲ್ಲಿರುತ್ತದೆ. ಗಾಜಿನ ಈಚೆ ನಿಂತ ಮಗು ಬೆನ್ನು ಮಾತ್ರ ಕಾಣುವ ಪುಸ್ತಕವೊಂದರ ಕಡೆ ಬೆರಳು ಮಾಡಿ ‘ಅದು ಬೇಕು’ ಎಂದು ಕೇಳುವಷ್ಟು ಧೈರ್ಯ ಮಾಡಬೇಕು. ಹೆಚ್ಚಿನ ಮಕ್ಕಳು ಕೇಳದೆ ಹಾಗೆಯೇ ಹೊರಟುಹೋಗುತ್ತಾರೆ. ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳು ಇರುವುದು ಬಳಕೆಗಾಗಿ ಎಂಬುದು. ಆ ಬೀಗ ತೆಗೆಯದೆ ಎಷ್ಟು ಸಭೆ ಮಾಡಿದರೂ ಸಭೆ ಮುಗಿದ ಮೇಲೆ ಮಕ್ಕಳ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನಮ್ಮಲ್ಲಿ ಮಕ್ಕಳ ಪುಸ್ತಕಗಳನ್ನೆಲ್ಲ ಬೀರುವಿನಿಂದ ಹೊರಗೆ ತೆಗೆದು, ಗೋಡೆಯುದ್ದಕ್ಕೂ ಮಕ್ಕಳ ಎದೆಮಟ್ಟಕ್ಕೆ ನೈಲಾನ್ ಹಗ್ಗ ಕಟ್ಟಿ, ಮುಖಪುಟ ಕಾಣುವಂತೆ ತೂಗುಹಾಕಿದ್ದೇವೆ. ಮಳೆಗಾಲದ ತಂಡಿಗೆ ಹಾಳೆ ಸುಕ್ಕಾಗುತ್ತದೆ, ಕೆಲವು ಹರಿಯುತ್ತವೆ, ಅಂಟಿಸಿ ಮತ್ತೆ ಹಾಕುತ್ತೇವೆ. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಗಿರುವುದರಿಂದ ಠೇವಣಿಯ ಪ್ರಶ್ನೆಯೇ ಬರುವುದಿಲ್ಲ. ನಿಮ್ಮಲ್ಲಿ ಸದಸ್ಯರ ಪಟ್ಟಿ ಈಗಾಗಲೇ ಇರಬಹುದು, ಆದರೆ ಪಟ್ಟಿಯಲ್ಲಿ ಹೆಸರಿರುವ ಮಕ್ಕಳಲ್ಲಿ ಎಷ್ಟು ಮಂದಿ ಪುಸ್ತಕವನ್ನು ಮನೆಗೆ ಒಯ್ದಿದ್ದಾರೆ ಎಂದು ಎರವಲು ವಹಿ ತೆರೆದು ನೋಡಿ.

ಎರವಲು ವಹಿಯನ್ನು ಮಕ್ಕಳೇ ಬರೆಯಲಿ ಎಂಬುದು ನನ್ನ ಎರಡನೆಯ ಸಲಹೆ. ಮೂರನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕವನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಮುಖಪುಟದ ಒಂದೊಂದೇ ಅಕ್ಷರವನ್ನು ನೋಡಿ ನೋಡಿ ವಹಿಗೆ ಇಳಿಸುತ್ತಾಳೆ, ಒತ್ತಕ್ಷರ ಬಂದಲ್ಲಿ ಪೆನ್ಸಿಲ್ ನಿಲ್ಲಿಸಿ ಪಕ್ಕದವರ ಮುಖ ನೋಡುತ್ತಾಳೆ. ಹಿಂದೆ ಸಾಲಿನಲ್ಲಿ ನಿಂತವರು ಅವಸರಪಡಿಸಿದರೂ ನಾನು ಬರೆದುಕೊಡುವುದಿಲ್ಲ, ಏಕೆಂದರೆ ಆ ಸಾಲು ಬರೆದು ಮುಗಿಸುವ ಹೊತ್ತಿಗೆ ಪುಸ್ತಕದ ಹೆಸರು ಅವಳ ಬಾಯಿಗೆ ಬಂದಿರುತ್ತದೆ.

ತಿಂಗಳ ಕಾರ್ಯಕ್ರಮ ಎಂದು ನಾವು ನಡೆಸುವುದು ಮುಖ್ಯವಾಗಿ ಒಂದೇ: ಕೊನೆಯ ಶನಿವಾರ ಶಾಲೆ ಬಿಟ್ಟ ಮೇಲೆ ಕಥೆಯ ಹೊತ್ತು. ಆ ತಿಂಗಳು ಪುಸ್ತಕ ಒಯ್ದವರಲ್ಲಿ ಕೆಲವರು ತಾವು ಓದಿದ್ದನ್ನು ಹೇಳುತ್ತಾರೆ, ನಾನೊಂದು ಕಥೆಯನ್ನು ಗಟ್ಟಿಯಾಗಿ ಓದುತ್ತೇನೆ, ಆಮೇಲೆ ಪುಸ್ತಕ ಬದಲಾಯಿಸಿಕೊಳ್ಳುತ್ತಾರೆ. ಅತಿಥಿಗಳಿಲ್ಲ, ಹಾರವಿಲ್ಲ, ಮೈಕೂ ಇಲ್ಲ. ದಿನ ಮಾತ್ರ ತಪ್ಪುವುದಿಲ್ಲ. ದಿನ ಎರಡು ಸಲ ತಪ್ಪಿತೆಂದರೆ ಮಕ್ಕಳು ಮೂರನೆಯ ಸಲ ಬಾಗಿಲು ತೆರೆದಿದೆಯೋ ಎಂದು ನೋಡಲು ಸಹ ಬರುವುದಿಲ್ಲ.

ಆಚರಣೆಯ ದಿನಗಳು ಹೇಗೂ ಬರುತ್ತವೆ: ಆಗಸ್ಟ್ 12ರ ಗ್ರಂಥಪಾಲಕರ ದಿನ, ಅಕ್ಟೋಬರ್ 10ರ ಕಾರಂತರ ಜನ್ಮದಿನ, ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ, 26ರ ಸಂವಿಧಾನ ದಿನ, ಡಿಸೆಂಬರ್ 29ರ ಕುವೆಂಪು ಜಯಂತಿ, ಜನವರಿ 31ರ ಬೇಂದ್ರೆಯವರ ಹುಟ್ಟುಹಬ್ಬ. ಭಾವಚಿತ್ರಕ್ಕೆ ಹೂ ಹಾಕಿ ಫೋಟೋ ತೆಗೆದು ವರದಿ ಕಳುಹಿಸಿದರೆ ಕೆಲಸ ಮುಗಿಯಿತೆಂದು ಭಾವಿಸಬೇಡಿ. ಆ ದಿನ ಆ ಲೇಖಕರ ಎರಡು ಪುಟ ಗಟ್ಟಿಯಾಗಿ ಓದಿಸಿ, ಅವರ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, ಒಯ್ಯುವವರಿಗೆ ಅಲ್ಲಿಯೇ ಬರೆದುಕೊಡಿ.

ಸರ್ಕಾರಿ ಶಾಲಾ ಶಿಕ್ಷಕ, ರಾಯಚೂರು ಜಿಲ್ಲೆ

ಮೇಲ್ವಿಚಾರಕಿಯವರು ಬರೆದದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಶಾಲೆಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು, ಪುಸ್ತಕದ ಮಟ್ಟ. ಪಂಚಾಯಿತಿ ಗ್ರಂಥಾಲಯಗಳಲ್ಲಿ ಕಾದಂಬರಿ, ವಚನ ಸಂಪುಟ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಸಾಕಷ್ಟಿರುತ್ತವೆ. ಪುಟಕ್ಕೆ ಎರಡು ಸಾಲು, ದೊಡ್ಡ ಚಿತ್ರ ಇರುವ ಪುಸ್ತಕ ಬಹಳ ಕಡಿಮೆ. ಐದನೇ ತರಗತಿಯಲ್ಲಿದ್ದೂ ತಡವರಿಸಿ ಓದುವ ಮಗುವಿಗೆ ಬೇಕಾಗಿರುವುದು ಅಂಥದ್ದೇ, ಮತ್ತು ಅದನ್ನು ಕೊಟ್ಟಾಗ ಇದು ಚಿಕ್ಕ ಮಕ್ಕಳ ಪುಸ್ತಕ ಎಂದು ಯಾರೂ ಹೇಳಬಾರದು. ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಲು ಅನುಮತಿಯಿದೆ, ನಿಮ್ಮಲ್ಲಿ ಕಂಪ್ಯೂಟರ್ ಇರುವುದರಿಂದ ಪರದೆಯ ಮೇಲೆಯೂ ಎಲ್ಲರಿಗೂ ಒಟ್ಟಿಗೆ ತೋರಿಸಿ ಓದಬಹುದು.

ಎರಡನೆಯದು ನಮ್ಮ ಭಾಗದ್ದು. ಮಳೆ ಕೈಕೊಟ್ಟ ವರ್ಷ ಅನೇಕ ಕುಟುಂಬಗಳು ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಹೋಗುವ ಮೊದಲು ಪುಸ್ತಕ ವಾಪಸ್ ಪಡೆಯಬೇಕೆಂದು ಸಮಿತಿಯಲ್ಲಿ ವಾದ ಬಂದಾಗ, ಇನ್ನೆರಡು ಪುಸ್ತಕ ಸೇರಿಸಿ ಕೊಟ್ಟು ಕಳುಹಿಸಬೇಕೆಂದು ನಾವು ಶಿಕ್ಷಕರು ಹೇಳಿದೆವು. ಕಟ್ಟಡದ ಕೆಲಸ ನಡೆಯುವ ಜಾಗದ ಶೆಡ್ಡಿನಲ್ಲಿ ಆ ಮಗುವಿಗೆ ಬೇರೆ ಅಕ್ಷರ ಸಿಗುವುದಿಲ್ಲ. ಎಲ್ಲ ಪುಸ್ತಕಗಳೂ ತಿರುಗಿ ಬಂದಿಲ್ಲ, ಆದರೂ ಆ ತೀರ್ಮಾನ ಸರಿಯೆಂದೇ ನನ್ನ ನಂಬಿಕೆ.

ನವೆಂಬರ್‌ನಿಂದ ನಡೆಯುವ ಮಕ್ಕಳ ಗ್ರಾಮ ಸಭೆಗೂ ಗ್ರಂಥಾಲಯವನ್ನೇ ತಯಾರಿಯ ಜಾಗ ಮಾಡಿಕೊಳ್ಳಿ. ಮಕ್ಕಳು ತಮ್ಮ ಬೇಡಿಕೆಗಳನ್ನು ಅಲ್ಲಿ ಕುಳಿತು ಬರೆದರೆ ಗ್ರಂಥಾಲಯದ ಕುಂದುಕೊರತೆಯೂ ಆ ಪಟ್ಟಿಗೆ ತಾನಾಗಿ ಸೇರುತ್ತದೆ, ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರು ಸಭೆಯಲ್ಲಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ತುಮಕೂರು

ನಮ್ಮಂಥವರ ಬಗ್ಗೆಯೂ ಒಂದು ಮಾತು. ಎಫ್‌ಡಿಎ, ಎಸ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಹುದ್ದೆಗೆ, ಪೊಲೀಸ್ ನೇಮಕಾತಿಗೆ ಓದುವವರಿಗೆ ಬೇಕಾಗಿರುವುದು ಗದ್ದಲವಿಲ್ಲದ ಮೇಜು, ಫ್ಯಾನು, ಮೊಬೈಲ್ ಚಾರ್ಜಿಂಗ್ ವ್ಯವಸ್ಥೆ ಮತ್ತು ಸಂಜೆಯ ಹೊತ್ತು ತೆರೆದ ಬಾಗಿಲು. ಮಕ್ಕಳ ಕಥೆಯ ಹೊತ್ತು ಇದೆಯೆಂದು ಮೊದಲೇ ಫಲಕದಲ್ಲಿ ಬರೆದರೆ ನಾವು ಆ ದಿನ ಬೇರೆ ಸಮಯಕ್ಕೆ ಬರುತ್ತೇವೆ. ತಿಂಗಳಿಗೊಮ್ಮೆ ನಮ್ಮಲ್ಲೇ ಯಾರಾದರೂ ಹತ್ತನೇ ತರಗತಿಯವರಿಗೆ ಗಣಿತ ಹೇಳಿಕೊಡಬಹುದು. ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಹೊಸದುರ್ಗ ತಾಲ್ಲೂಕಿನ ಸದಸ್ಯೆ

ಎಲ್ಲರಿಗೂ ಧನ್ಯವಾದಗಳು. ಶಿರಸಿಯ ಮೇಡಂ, ನಮ್ಮ ಮೇಲ್ವಿಚಾರಕರಿಗೆ ಬೀರುವಿನ ಬೀಗದ ವಿಷಯ ಹೇಳಿದೆ. ಪುಸ್ತಕ ಕಳೆದರೆ ತಮ್ಮ ಗೌರವಧನದಿಂದ ಕಟ್ಟಬೇಕಾದೀತು ಎಂಬುದು ಅವರ ಹೆದರಿಕೆ. ಅದಕ್ಕೆ ಏನು ಹೇಳಲಿ? ಮಹಿಳೆಯರು ಬರುವಂತೆ ಮಾಡುವುದು ಹೇಗೆ ಎಂಬುದನ್ನೂ ತಿಳಿಸಿ.

ಗ್ರಂಥಾಲಯ ಮೇಲ್ವಿಚಾರಕಿ, ಶಿರಸಿ ತಾಲ್ಲೂಕು

ಮೇಡಂ, ಅವರ ಹೆದರಿಕೆಯಲ್ಲಿ ಹುರುಳಿದೆ, ಅದನ್ನು ಅಲ್ಲಗಳೆಯಬೇಡಿ. ಬಾಯಿಮಾತಿನ ಧೈರ್ಯ ಸಾಲದು, ಸಮಿತಿಯ ಮತ್ತು ಪಂಚಾಯಿತಿಯ ನಿರ್ಣಯ ಬರಹದಲ್ಲಿ ಬೇಕು. ವರ್ಷಕ್ಕೊಮ್ಮೆ ಪುಸ್ತಕಗಳ ತಾಳೆ ನೋಡುವುದು, ಮಕ್ಕಳ ಕೈಯಲ್ಲಿ ಹರಿದ ಅಥವಾ ಕಳೆದ ಪುಸ್ತಕಗಳ ಪಟ್ಟಿಯನ್ನು ಸಮಿತಿಯ ಮುಂದಿಡುವುದು, ಮೇಲ್ವಿಚಾರಕರ ಲೋಪವಿಲ್ಲದಿದ್ದಲ್ಲಿ ಅವರಿಂದ ಹಣ ವಸೂಲಿ ಮಾಡದಿರುವುದು: ಇಷ್ಟನ್ನು ನಡಾವಳಿಯಲ್ಲಿ ಬರೆಸಿ ಅದರ ಪ್ರತಿಯನ್ನು ಅವರ ಕೈಗೆ ಕೊಡಿ. ಸದಸ್ಯೆಯಾಗಿ ಈ ವಿಷಯವನ್ನು ಸಭೆಗೆ ತರುವ ಅಧಿಕಾರ ನಿಮಗಿದೆ, ನಮ್ಮಂಥವರಿಗಿಲ್ಲ. ನೀವು ಯೋಚಿಸುತ್ತಿರುವ ಎಲ್ಲ ಕಾರ್ಯಕ್ರಮಗಳಿಗಿಂತ ಇದೊಂದು ನಿರ್ಣಯ ಹೆಚ್ಚು ಮಕ್ಕಳ ಮನೆಗೆ ಪುಸ್ತಕ ತಲುಪಿಸುತ್ತದೆ.

ಖರ್ಚಿನ ವಿಷಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಕಟ್ಟಡ ಮತ್ತು ಭೂಮಿಯ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ನಿಮ್ಮ ಮನೆಯ ತೆರಿಗೆ ರಸೀದಿಯಲ್ಲೇ ಅದರ ಸಾಲು ಕಾಣುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ ಅವುಗಳ ಹೊಣೆ ಪಂಚಾಯಿತಿಯದೇ ಆಗಿದೆ. ನಮ್ಮಲ್ಲಿ ಎಷ್ಟು ಸಂಗ್ರಹವಾಗಿದೆ, ಎಷ್ಟು ಬಳಕೆಯಾಗಿದೆ ಎಂದು ಸಾಮಾನ್ಯ ಸಭೆಯಲ್ಲಿ ಕೇಳಿ. ದಾನದ ಪುಸ್ತಕಗಳಿಗೆ ‘ಪುಸ್ತಕ ಜೋಳಿಗೆ’ ಇದೆ, ಆದರೆ ಜನ ಹಳೆಯ ಗೈಡುಗಳನ್ನೂ ಪಠ್ಯಪುಸ್ತಕಗಳನ್ನೂ ತಂದು ಸುರಿಯುತ್ತಾರೆ. ಬೇಡದ್ದನ್ನು ಅಂದೇ ಬೇರ್ಪಡಿಸಿ, ಇಲ್ಲವಾದರೆ ಅವು ಒಳ್ಳೆಯ ಪುಸ್ತಕಗಳ ಜಾಗವನ್ನು ನುಂಗುತ್ತವೆ.

ಮಹಿಳೆಯರಿಗಾಗಿ ಪ್ರತ್ಯೇಕ ಸಮಾರಂಭ ಮಾಡಿದರೆ ಆ ಒಂದು ದಿನ ಮಾತ್ರ ಬರುತ್ತಾರೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ತಿಂಗಳ ಸಭೆಯನ್ನೇ ಗ್ರಂಥಾಲಯದಲ್ಲಿ ನಡೆಸುವಂತೆ ಕೇಳಿಕೊಳ್ಳಿ. ಲೆಕ್ಕಪತ್ರ ಮುಗಿದ ಮೇಲೆ ಕಾಲು ಗಂಟೆ ಒಂದು ಲೇಖನ ಅಥವಾ ಕಥೆ ಓದಿ, ಆಮೇಲೆ ಅವರಿಗೆ ಬೇಕಾದ ಕೆಲಸ ಮಾಡಿಕೊಡಿ: ಪಹಣಿ ನೋಡುವುದು, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿಗೆ ಬಂದಿದೆ ಎಂದು ತಿಳಿಯುವುದು, ಬ್ಯಾಂಕಿನ ಹೆಸರಿನಲ್ಲಿ ಬರುವ ಮೋಸದ ಕರೆಗೆ ಒಟಿಪಿ ಹೇಳಬಾರದೆಂದೂ ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದೂ ತಿಳಿಸುವುದು. ‘ಓದಲು ಬರುತ್ತದೆ, ಕಣ್ಣು ಮಂಜು’ ಎನ್ನುವವರು ಬಹಳ ಮಂದಿ ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಪತ್ರ ಬರೆದು ಒಂದು ದಿನ ಗ್ರಂಥಾಲಯದಲ್ಲೇ ಕಣ್ಣಿನ ತಪಾಸಣೆ ಇರಿಸಿಕೊಳ್ಳಿ. ಕನ್ನಡಕ ಸಿಕ್ಕಿದ ಮೇಲೆ ಅವರು ಮೊದಲು ಕೇಳುವುದು ಸಾಮಾನ್ಯವಾಗಿ ವಾರಪತ್ರಿಕೆಗಳನ್ನು. ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕದೆ ಮನೆಗೆ ಒಯ್ಯಲು ಕೊಡಿ, ಅವಕ್ಕೆ ವಹಿಯಲ್ಲಿ ಬೇರೆ ಪುಟ ಮಾಡಿ, ಮರಳಿ ತರಲೇಬೇಕೆಂಬ ಒತ್ತಾಯ ಬೇಡ.

ಆರಂಭಿಸುವುದಾದರೆ ಶಾಲೆ ತೆರೆಯುವ ಜೂನ್ ತಿಂಗಳೇ ಒಳ್ಳೆಯದು. ಅಷ್ಟರೊಳಗೆ ನಿರ್ಣಯವಾಗಲಿ, ದಿನ ಗೊತ್ತುಮಾಡಿ ಫಲಕದಲ್ಲಿ ಬರೆಸಿ, ಮುಖ್ಯ ಶಿಕ್ಷಕರಿಗೂ ಅಂಗನವಾಡಿ ಕಾರ್ಯಕರ್ತೆಗೂ ನೀವೇ ಹೋಗಿ ತಿಳಿಸಿ. ಮೇಲ್ವಿಚಾರಕರಿಗೆ ವಹಿ ಇಡುವ ಕ್ರಮದಲ್ಲಿ ಏನಾದರೂ ಅನುಮಾನವಿದ್ದರೆ ಇಲ್ಲಿಯೇ ಕೇಳಲು ಹೇಳಿ, ನಮ್ಮ ವಹಿಯ ಒಂದು ಪುಟದ ಚಿತ್ರವನ್ನು, ಮಕ್ಕಳ ಹೆಸರು ಮುಚ್ಚಿ, ಕಳುಹಿಸಿಕೊಡುತ್ತೇನೆ.