ಹಳೇ ಅಪಾರ್ಟ್‌ಮೆಂಟ್ ತಗೊಳ್ಳೋ ಮುಂಚೆ ಏನೇನು ನೋಡ್ಬೇಕು? ಅನುಭವ ಇದ್ದವರು ಹೇಳಿ

ಮಲ್ಲೇಶ್ವರದ ಕಡೆ 1998ರ ಕಟ್ಟಡ, ಮೂರನೇ ಮಹಡೀಲಿ 2 ಬಿಎಚ್‌ಕೆ, 85 ಲಕ್ಷ ಹೇಳ್ತಿದ್ದಾರೆ. ಬಾಡಿಗೆಗೆ ಬಿಡೋ ಲೆಕ್ಕ. ಇ-ಖಾತಾ ಇದೆ, ಇಸಿ (ಆಸ್ತಿ ಮೇಲಿನ ಸಾಲ, ಮಾರಾಟದ ದಾಖಲೆ) ತೆಗೆಸಿದ್ದೀನಿ. ಇನ್ನೇನು?

ವಿಜಯನಗರದವ: ಎಲ್ಲಾ ಮನೆಗಳ ಯುಡಿಎಸ್ (ಪ್ರತಿ ಮನೆಗೆ ಬರೆದ ನೆಲದ ಪಾಲು) ಕೂಡಿ ನೋಡಿ ಸ್ವಾಮಿ. ನಮ್ಮದು 60×90 ಸೈಟು, 5,400 ಅಡಿ. 15 ಮನೆ, ಪ್ರತಿ ಕ್ರಯಪತ್ರದಲ್ಲೂ 360 ಅಡಿ. ಅಲ್ಲಿಗೆ ಲೆಕ್ಕ ಚುಕ್ತಾ. ಆಮೇಲೆ ಬಿಲ್ಡರ್ ಮಹಾಶಯ ತಾರಸಿ ಮೇಲೊಂದು ಪೆಂಟ್‌ಹೌಸ್ ಎಬ್ಬಿಸಿ, ಅದಕ್ಕೂ 360 ಅಡಿ ಬರೆದು ಮಾರಿದ್ದಾನೆ. ಇಲ್ಲದ ನೆಲ! ಲಾಯರ್ 15,000 ಎಣಿಸಿಕೊಂಡು, ನನ್ನ ಪತ್ರ ಒಂದನ್ನೇ ನೋಡಿ 'ಕ್ಲಿಯರ್' ಅಂತ ಬರ್ಕೊಟ್ಟ. ಈಗ ಕೆಡವಿ ಕಟ್ಟೋ ಮಾತು ಎತ್ತಿದಾಗಲೆಲ್ಲ ಮೀಟಿಂಗು ಪೆಂಟ್‌ಹೌಸಿನವರ ಪಾಲಿನ ಹತ್ರ ಬಂದು ಕೂಗಾಟದಲ್ಲಿ ಮುಗಿಯುತ್ತೆ. ಇಸಿ ಯಾವ ವರ್ಷದಿಂದ ತೆಗೆಸಿದ್ರಿ? ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಸಿಗೋದು 2004ರ ಏಪ್ರಿಲ್‌ನಿಂದ ಈಚೆಗೆ. ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸ್ ಮೆಟ್ಟಿಲು ಹತ್ತಲೇಬೇಕು.

ಟಾಪ್_ಫ್ಲೋರ್: ಎಲ್ರೂ ಕಾಗದ ಕಾಗದ ಅಂತ ಸಾಯ್ತಾರೆ, ತಾರಸಿ ಹತ್ತಿ ಯಾರೂ ನೋಡಲ್ಲ. ನಾವು ತಗೊಂಡ ವರ್ಷವೇ ಮಳೆಗೆ ಬೆಡ್‌ರೂಮಿನ ಫಾಲ್ಸ್ ಸೀಲಿಂಗ್ ಕಳಚಿ ಬಿತ್ತು. ಮೇಲೆ ನೋಡಿದ್ರೆ ಕಾಂಕ್ರೀಟ್ ಹಕ್ಕಳೆ ಎದ್ದು, ಕಂಬಿ ತುಕ್ಕು ಹಿಡಿದು ಊದ್ಕೊಂಡಿತ್ತು. ಮಾರಿದವರು ಸೀಲಿಂಗ್ ಹಾಕಿಸಿದ್ದೇ ಇದನ್ನ ಮುಚ್ಚೋಕೆ. ಕಂಬಿ ಉಜ್ಜಿ, ಕೆಮಿಕಲ್ ಬಳಿದು, ಹೊಸ ಗಾರೆ: 1,40,000. ತಾರಸಿ ವಾಟರ್‌ಪ್ರೂಫಿಂಗ್‌ಗೆ ನಮ್ಮ ಪಾಲು 62,000. ಮೇಲೆ ಲಿಫ್ಟ್ ಬದಲಾಯಿಸೋಕೆ 85,000! ಅಸೋಸಿಯೇಷನ್‌ನವರು 'ಬಾಕಿ ಇಲ್ಲ' ಅಂತ ಪತ್ರ ಕೊಟ್ಟಿದ್ರು. ಬಾಕಿ ಇರಲಿಲ್ಲ, ನಿಜ. ವಸೂಲಿಗೆ ನಿರ್ಣಯ ಮಾತ್ರ ಆಗಿತ್ತು. ಮಿನಿಟ್ಸ್ ಪುಸ್ತಕ ಕೇಳಿ. ಕೊಡಲ್ಲ ಅಂದ್ರೆ ಆ ಮನೆ ಸಹವಾಸ ಬೇಡ.

ಜಯನಗರ_1991: ಹೀಗೆ ಹೆದರಿಸಬೇಡ್ರಪ್ಪ. ನಂದು ಹಳೇ ಕಟ್ಟಡದಲ್ಲೇ ಎರಡು ಮನೆ. ಒಂಬತ್ತಿಂಚಿನ ಗೋಡೆ, ಮೊಳೆ ಹೊಡೆದ್ರೆ ಮೊಳೆನೇ ಬಗ್ಗುತ್ತೆ. 2024ರ ಬೇಸಿಗೇಲಿ ವೈಟ್‌ಫೀಲ್ಡ್ ಟವರ್‌ನವರು ಟ್ಯಾಂಕರ್ ಹಿಂದೆ ಓಡ್ತಿದ್ರು. ನಮ್ಮ ಸಂಪ್ ಟ್ಯಾಂಕಿಗೆ ಕಾವೇರಿ ನೀರು ಬರ್ತಿತ್ತು. ಬಾಡಿಗೆದಾರ ಖಾಲಿ ಮಾಡಿದ ವಾರಕ್ಕೇ ಇನ್ನೊಬ್ಬ ರೆಡಿ.

ವಿಜಯನಗರದವ: ಸಂಪು ತುಂಬಿದ್ರೆ ಇಎಂಐ ಕಟ್ಟುತ್ತಾ? 85 ಲಕ್ಷಕ್ಕೆ ಮುದ್ರಾಂಕ, ಸೆಸ್, 2025ರ ಆಗಸ್ಟ್ ಕೊನೇಲಿ 1ರಿಂದ 2 ಪರ್ಸೆಂಟ್ ಆದ ನೋಂದಣಿ ಶುಲ್ಕ, ಎಲ್ಲಾ ಸೇರಿ ಹತ್ತತ್ರ ಆರೂವರೆ ಲಕ್ಷ. ಬಾಡಿಗೆ 25,000 ಅಂದ್ರೂ ವರ್ಷಕ್ಕೆ 3 ಲಕ್ಷ. ಮೇಂಟೆನೆನ್ಸ್, ಕಂದಾಯ ಕಳೀರಿ. ಎಫ್‌ಡಿ ವಾಸಿ.

ಜಯನಗರ_1991: ನಿಮ್ಮ ಪೆಂಟ್‌ಹೌಸ್ ಸಿಟ್ಟು ನನ್ನ ಮೇಲ್ಯಾಕೆ ತೀರಿಸ್ಕೋತೀರಿ? ನನಗೆ ಪೇಂಟಿಂಗ್ ಖರ್ಚೂ ಇಲ್ಲ, ಬಾಡಿಗೆದಾರರ ಅಡ್ವಾನ್ಸ್‌ನಲ್ಲೇ ಒಂದು ತಿಂಗಳ ಬಾಡಿಗೆ ಮುರ್ಕೋತೀನಿ.

ಬಾಡಿಗೆ_ಮನೆ: ಆಹಾ! ಹನ್ನೊಂದು ತಿಂಗಳಿಗೆ ಗೋಡೆ ಏನು ಸವೆಯುತ್ತೆ ಸಾರ್? ನಮ್ಮ ಓನರ್ 22,000 ಮುರಿದು, ಬಣ್ಣ ಹೊಡೆಸದೇನೇ ಮುಂದಿನವರಿಗೆ ಕೊಟ್ರು.

ಜಯನಗರ_1991: ಅಗ್ರಿಮೆಂಟಲ್ಲಿ ಬರೆದಿರುತ್ತೆ, ಸೈನ್ ಹಾಕೋವಾಗ ಓದ್ಬೇಕಿತ್ತು.

ಟಾಪ್_ಫ್ಲೋರ್: ಪ್ರಶ್ನೆ ಕೇಳಿದವರೇ, ನಿಮ್ಮ ಕಟ್ಟಡದ ಲಿಫ್ಟ್ ಎಷ್ಟು ವರ್ಷದ್ದು?

ಪ್ರಶ್ನೆ ಕೇಳಿದವರು: ಲಿಫ್ಟೇ ಇಲ್ಲ ಸಾರ್.

ಬಾಡಿಗೆ_ಮನೆ: ಓದಿದ್ದೆ ಸ್ವಾಮಿ. 'ಬಣ್ಣ ಹೊಡೆಸಲು' ಅಂತಿತ್ತು. ಹೊಡೆಸಿದ ಬಿಲ್ ತೋರಿಸಿ ಅಂದಿದ್ದಕ್ಕೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ರು.