ಓದುಗರ ಸ್ಪಂದನ: ಮಳೆಗಾಲ, ಹೊಸ ಶಾಲೆ, ನಮ್ಮ ಮಗು

ಸೋಮವಾರಪೇಟೆ ತಾಲ್ಲೂಕಿನ ತಾಯಿಯೊಬ್ಬರು ಕಳೆದ ವಾರ ಬರೆದಿದ್ದರು: ಆಟಿಸಂ ಇರುವ ಮಗ ಊರಿನ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದ್ದಾನೆ. ಆರಕ್ಕೆ ಬೇರೆ ಶಾಲೆ. ಅವನಿಗೆ ಮಾತು ಕಡಿಮೆ, ಗದ್ದಲ ಆಗಿಬರುವುದಿಲ್ಲ. ಹೊಸ ಶಾಲೆಯವರು ‘ವಿಶೇಷ ಶಾಲೆಗೆ ಸೇರಿಸಬಾರದೇ?’ ಎಂದರಂತೆ. ಮಗನನ್ನು ಹೇಗೆ ತಯಾರು ಮಾಡಲಿ ಎಂಬುದು ಅವರ ಪ್ರಶ್ನೆ.

ಅಕ್ಕ, ಮಗನಿಗಿಂತ ಮೊದಲು ಶಾಲೆಯವರನ್ನು ತಯಾರು ಮಾಡಿ. ಹಳೇ ಟೀಚರಿಗೆ ಅವನ ಸ್ವಭಾವವೆಲ್ಲ ಗೊತ್ತಿತ್ತು. ಟಿ.ಸಿ.ಯಲ್ಲಿ ಅದ್ಯಾವುದೂ ಬರೆದಿರುವುದಿಲ್ಲ, ಅಲ್ವಾ? ಹಾಗಾಗಿ ನೀವೇ ಒಂದು ಪುಟ ಬರೆದುಕೊಡಿ. ಆಟಿಸಂ ಅನ್ನುವ ಹೆಸರಿಗಿಂತ ಮಗುವಿನ ವಿಷಯ ಜಾಸ್ತಿ ಇರಲಿ. ನನ್ನ ಮಗಳು ಬಾತ್‌ರೂಮಿಗೆ ಹೋಗಬೇಕಾದಾಗ ಬಾಯಿಬಿಟ್ಟು ಹೇಳುವುದಿಲ್ಲ, ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂರುತ್ತಾಳೆ. ಗೊತ್ತಿಲ್ಲದವರಿಗೆ ಅದು ಚೇಷ್ಟೆ. ಪತ್ರದಲ್ಲಿ ನಾನು ಬರೆದ ಮೊದಲ ಸಾಲೇ ಅದು. ನಮ್ಮ ಮನೆಮಾತು ಕೊಡವ ತಕ್ಕ್. ಶಾಲೆಯಲ್ಲಿ ದಿನಾ ಕೇಳುವ ನಾಲ್ಕಾರು ಮಾತನ್ನು ಬೇಸಿಗೆ ರಜೆಯಲ್ಲೇ ಮನೆಯಲ್ಲೂ ಕನ್ನಡದಲ್ಲಿ ಹೇಳತೊಡಗಿದೆವು. ಅದರಿಂದ ತುಂಬಾ ಅನುಕೂಲವಾಯಿತು.

ಶಾಲೆ ಶುರುವಾಗುವ ಮೊದಲು, ಮಕ್ಕಳಿಲ್ಲದ ಹೊತ್ತಿನಲ್ಲಿ ಅವನನ್ನು ಕರೆದುಕೊಂಡು ಹೋಗಿ. ಗೇಟು, ಕ್ಲಾಸು, ಶೌಚಾಲಯ, ಬಿಸಿಯೂಟಕ್ಕೆ ಕೂರುವ ಜಾಗ, ಎಲ್ಲದರ ಫೋಟೋ ತೆಗೆದು ಮನೆಯಲ್ಲಿ ತೋರಿಸುತ್ತಿರಿ. ಶೌಚಾಲಯದ ಚಿಲಕ ಅವನಿಗೆ ತೆಗೆಯಲು ಬರುತ್ತದಾ ನೋಡಿ. ಮೇಲೆ ಶೀಟು ಹಾಕಿದ ಕೋಣೆಯಾದರೆ ಬೇರೆ ಕೋಣೆ ಸಿಗುತ್ತದಾ ಕೇಳಿ. ಜೂನ್ ಮಳೆ ಶೀಟಿನ ಮೇಲೆ ಬೀಳುವಾಗ ನಮಗೇ ಮಾತು ಕೇಳಿಸುವುದಿಲ್ಲ, ಗದ್ದಲ ತಡೆಯದ ಮಗು ಏನು ಮಾಡೀತು? ರೇನ್‌ಕೋಟನ್ನು ಮೇ ತಿಂಗಳಲ್ಲೇ ತಂದು ಮನೆಯೊಳಗೆ ಹಾಕಿಸಿ ಅಭ್ಯಾಸ ಮಾಡಿಸಿ. ಚೀಲದಲ್ಲಿ ಒಣ ಕಾಲುಚೀಲ ಯಾವಾಗಲೂ ಇರಲಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತಾಪತ್ರಯ ಮಳೆ ರಜೆ. ಯೂನಿಫಾರ್ಮ್ ಹಾಕಿ ಹೊರಟು ನಿಂತ ಮೇಲೆ ‘ಇವತ್ತು ಶಾಲೆ ಇಲ್ಲ’ ಅಂದರೆ ಇಂಥ ಮಕ್ಕಳಿಗೆ ಇಡೀ ದಿನವೇ ಕೆಡುತ್ತದೆ. ನಾವು ಅಡುಗೆಮನೆ ಬಾಗಿಲಿಗೆ ಎರಡು ಚಿತ್ರ ಇಟ್ಟುಕೊಂಡಿದ್ದೇವೆ, ಒಂದು ಶಾಲೆ, ಒಂದು ಮನೆ. ಬೆಳಗ್ಗೆ ಮೊಬೈಲ್‌ನಲ್ಲಿ ಡಿಸಿ ರಜೆ ಕೊಟ್ಟಿದ್ದಾರಾ ನೋಡಿ, ಸರಿಯಾದ ಚಿತ್ರ ತೂಗುಹಾಕುತ್ತೇವೆ. ಯೂನಿಫಾರ್ಮ್ ಮಾತು ಆಮೇಲೆ.
— ಒಬ್ಬ ತಾಯಿ, ನಾಪೋಕ್ಲು

ತಾಯಿ, ಯಾರು ಏನೇ ಅಂದರೂ ಧೈರ್ಯ ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿ 21 ಬಗೆಯ ನ್ಯೂನತೆಗಳಿವೆ. ನ್ಯೂನತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕರಿಸಿದ್ದರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಇಲ್ಲವೇ ವಿಶೇಷ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕು ಮಗುವಿಗಿದೆ. ಯಾವುದು ಬೇಕು ಅನ್ನುವುದು ಮಗುವಿನ ಕಡೆಯವರ ಆಯ್ಕೆ, ಶಾಲೆಯದಲ್ಲ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ಶಿಕ್ಷಣ ಇಲಾಖೆಯ ತಾಲ್ಲೂಕು ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಹೋಗಿ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವವರು ಅವರು. ಶಾಲೆಗೆ ಒಮ್ಮೆ ಅವರನ್ನೂ ಜೊತೆಗೆ ಕರೆದುಕೊಂಡು ಹೋದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಶಿಕ್ಷಕರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಎಷ್ಟೋ ಸಲ ಅವರು ಹಾಗೆ ಹೇಳುವುದು, ನಿಭಾಯಿಸಲು ತಮ್ಮಿಂದ ಆಗುತ್ತದೋ ಇಲ್ಲವೋ ಎಂಬ ಭಯಕ್ಕೆ.
— ನಿವೃತ್ತ ಶಿಕ್ಷಕ, ಪೊನ್ನಂಪೇಟೆ

ಆಂಟಿ, ಅದೇ ಬಸ್ಸಿನಲ್ಲಿ, ಅದೇ ಶಾಲೆಗೆ ಹೋಗುವ ಒಂದು ಮಗುವನ್ನು ಈಗಲೇ ಹುಡುಕಿ ಮನೆಗೆ ಕರೆಯಿರಿ. ಸುಮ್ನೆ ಇಬ್ಬರೂ ಕೂತು ತಿಂಡಿ ತಿನ್ನಲಿ, ಮಾತಾಡಲೇಬೇಕು ಅಂತಿಲ್ಲ. ನನ್ನ ತಮ್ಮನಿಗೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಜೊತೆಯಾದಳು. ಬಸ್ಸು ಬಂದಾಗ ಅವಳು ಏಳುತ್ತಾಳೆ, ಇವನೂ ಏಳುತ್ತಾನೆ. ಟೀಚರುಗಳ ಹೆಸರನ್ನೂ ಅವಳೇ ಹೇಳಿಕೊಟ್ಟಳು.
— ಕಾಲೇಜು ವಿದ್ಯಾರ್ಥಿನಿ, ಕುಶಾಲನಗರ