ಕ್ಷಯಕ್ಕೆ ಒಟ್ಟಿಗೆ ನಾಲ್ಕು ಔಷಧ ಏಕೆ? ಬೇರೆ ಸೋಂಕುಗಳಿಗೂ ಇದೇ ಕ್ರಮ ಆಗದೇ?

ಪ್ರಶ್ನೆ – ಹಾಸನದ ಓದುಗ
ನನ್ನ ಚಿಕ್ಕಪ್ಪನವರಿಗೆ ಶ್ವಾಸಕೋಶದ ಕ್ಷಯವಿರುವುದು ಕಫ ಪರೀಕ್ಷೆಯಲ್ಲಿ ಖಚಿತವಾಗಿದೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ನಾಲ್ಕೂ ಸೇರಿದ ಮಾತ್ರೆಯನ್ನು ತೂಕ ನೋಡಿ ಕೊಟ್ಟಿದ್ದಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಗಾಬರಿಯಾಗಿದ್ದ ಅವರಿಗೆ, ಅದು ರಿಫಾಂಪಿಸಿನ್‌ನಿಂದ ಎಂದು ತಿಳಿದ ಮೇಲೆ ಸಮಾಧಾನವಾಯಿತು. ಆಂಟಿಬಯೋಟಿಕ್ ಬಳಸಿದಷ್ಟೂ ಪ್ರತಿರೋಧ ಬೆಳೆಯುತ್ತದೆ ಎನ್ನುವಾಗ, ನಾಲ್ಕನ್ನು ಒಟ್ಟಿಗೆ ಕೊಟ್ಟರೆ ಅದು ತಗ್ಗುವುದು ಹೇಗೆ? ತಗ್ಗುವುದಾದರೆ ಎಲ್ಲ ಸೋಂಕಿಗೂ ಹೀಗೇ ಏಕೆ ಮಾಡುವುದಿಲ್ಲ?

ಉತ್ತರ – ಸೂಕ್ಷ್ಮಜೀವಿಶಾಸ್ತ್ರ ಉಪನ್ಯಾಸಕಿ
ಕ್ಷಯದ ಬ್ಯಾಕ್ಟೀರಿಯಾದಲ್ಲಿ ಪ್ರತಿರೋಧ ಹುಟ್ಟುವುದು ವಂಶವಾಹಿಯಲ್ಲಿ ತಾನಾಗಿ ಆಗುವ ಬದಲಾವಣೆಯಿಂದ. ಐಸೋನಿಯಾಜಿಡ್‌ಗೆ ಬಗ್ಗದ ಕೋಶ ಸುಮಾರು 10 ಲಕ್ಷಕ್ಕೊಂದು, ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು 10 ಕೋಟಿಗೊಂದು. ಶ್ವಾಸಕೋಶದ ಒಂದು ಕುಹರದಲ್ಲೇ 10 ಕೋಟಿ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ, ಒಂದೇ ಔಷಧ ಕೊಟ್ಟರೆ ಅದಕ್ಕೆ ಬಗ್ಗದವು ಅಲ್ಲಿ ಮೊದಲೇ ಇದ್ದು, ಉಳಿದವು ಸತ್ತ ಮೇಲೆ ಅವೇ ಹಬ್ಬುತ್ತವೆ. ಎರಡಕ್ಕೂ ಬಗ್ಗದ ಒಂದು ಕೋಶ ಸಿಗಬೇಕಾದರೆ ಈ ಎರಡು ಸಂಖ್ಯೆಗಳನ್ನು ಗುಣಿಸಿದಷ್ಟು ಕೋಶಗಳಿರಬೇಕು. ಅಷ್ಟು ರೋಗಿಯ ದೇಹದಲ್ಲಿ ಇರುವುದಿಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಟ್ರೆಪ್ಟೋಮೈಸಿನ್ ಒಂದನ್ನೇ ಪಡೆದವರು ಮೊದಲು ಚೇತರಿಸಿಕೊಂಡರೂ ಅನೇಕರಲ್ಲಿ ಬೇಗನೆ ಪ್ರತಿರೋಧ ತಲೆಯೆತ್ತಿತು. ಪಿಎಎಸ್ ಎಂಬ ಇನ್ನೊಂದು ಕ್ಷಯದ ಔಷಧವನ್ನು ಜೊತೆಗೂಡಿಸಿದ ಮೇಲೆ ಅದು ಬಹಳ ಇಳಿಯಿತು. ಆದ್ದರಿಂದಲೇ ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಒಂದು ಹೊಸ ಔಷಧ ಸೇರಿಸುವುದು ಅತ್ಯಂತ ಅಪಾಯಕರ.

ಉತ್ತರ – ಔಷಧಶಾಸ್ತ್ರ ವಿದ್ಯಾರ್ಥಿ
ಮೇಡಂ ಹೇಳಿದ ಲೆಕ್ಕ ಎಲ್ಲ ಬ್ಯಾಕ್ಟೀರಿಯಾಗಳಿಗೂ ಒಪ್ಪುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಹಲವು ಔಷಧಗಳ ಪ್ರತಿರೋಧವನ್ನು ಒಂದೇ ಪುಟ್ಟ ಡಿಎನ್ಎ ತುಂಡಾದ ಪ್ಲಾಸ್ಮಿಡ್‌ನಲ್ಲಿ ಪರಸ್ಪರ ದಾಟಿಸಿಕೊಳ್ಳುತ್ತವೆ; ಅಲ್ಲಿ ಜೋಡಿಯ ಉದ್ದೇಶವೇ ಬೇರೆ. ಅಮಾಕ್ಸಿಸಿಲಿನ್ ಅನ್ನು ಒಡೆಯುವ ಬೀಟಾ-ಲ್ಯಾಕ್ಟಮೇಸ್ ಕಿಣ್ವವನ್ನು ಕ್ಲಾವುಲಾನಿಕ್ ಆಮ್ಲ ತಡೆದು, ಔಷಧ ತನ್ನ ಕೆಲಸ ಮಾಡುವಂತೆ ಕಾಯುತ್ತದೆ. ಇಂಥದೇ ಔಷಧಗಳನ್ನು ಒಡೆಯುವ, ಸತುವನ್ನು ಆಶ್ರಯಿಸಿದ ಎನ್‌ಡಿಎಂ ಕಿಣ್ವದ ಮುಂದೆ ಇದು ನಿಷ್ಪ್ರಯೋಜಕ. ಅಜ್‌ಟ್ರಿಯೋನಾಮ್ ಎಂಬ ಆಂಟಿಬಯೋಟಿಕ್ ಅನ್ನು ಎನ್‌ಡಿಎಂ ಒಡೆಯಲಾರದು, ಆದರೆ ಅದೇ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಇರುವ ಇತರ ಕಿಣ್ವಗಳು ಒಡೆಯುತ್ತವೆ. ಅವುಗಳನ್ನು ಅವಿಬ್ಯಾಕ್ಟಾಮ್ ಅಡಗಿಸುವುದರಿಂದ ಈ ಜೋಡಿ ನನಗೆ ಬಹಳ ಭರವಸೆಯದಾಗಿ ಕಾಣುತ್ತದೆ. ಎಲ್ಲ ಜೋಡಿಗಳೂ ಹೀಗಲ್ಲ. ನ್ಯುಮೋಕಾಕಸ್ ಮೆದುಳುಪೊರೆಯ ಉರಿಯೂತದಲ್ಲಿ ಪೆನಿಸಿಲಿನ್ ಜೊತೆ ಕ್ಲೋರ್‌ಟೆಟ್ರಾಸೈಕ್ಲಿನ್ ಪಡೆದವರಲ್ಲಿ ಸಾವು ಹೆಚ್ಚೆಂದು 1951ರಲ್ಲೇ ವರದಿಯಾಗಿತ್ತು: ಬೆಳೆಯುತ್ತಿರುವ ಕೋಶವನ್ನು ಕೊಲ್ಲುವ ಪೆನಿಸಿಲಿನ್‌ಗೆ, ಬೆಳವಣಿಗೆಯನ್ನೇ ನಿಲ್ಲಿಸುವ ಔಷಧ ಅಡ್ಡಿಯಾಗುತ್ತದೆ.

ಪ್ರಶ್ನಿಸಿದವರು
ಧನ್ಯವಾದಗಳು. ಚಿಕ್ಕಪ್ಪನವರ ಕ್ಷಯ ಮೊದಲೇ ರಿಫಾಂಪಿಸಿನ್‌ಗೆ ಬಗ್ಗದ ಬಗೆಯದಾಗಿದ್ದರೆ?

ಉತ್ತರ – ಉಪನ್ಯಾಸಕಿ
ಅದನ್ನು ಕಫದಲ್ಲಿ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಹುಡುಕುವ ಸಿಬಿನಾಟ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ತಿಳಿಸುತ್ತದೆ. ಅವರ ವರದಿಯಲ್ಲಿ ರಿಫಾಂಪಿಸಿನ್ ಪ್ರತಿರೋಧದ ಸಾಲನ್ನು ದಯವಿಟ್ಟು ನೋಡಿ. ಪ್ರತಿರೋಧವಿದ್ದರೆ ಬೆಡಾಕ್ವಿಲಿನ್, ಪ್ರೆಟೋಮಾನಿಡ್, ಲೈನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಇರುವ ಆರು ತಿಂಗಳ ಚಿಕಿತ್ಸೆಗೆ ಭಾರತ 2024ರಲ್ಲಿ ಅನುಮತಿ ನೀಡಿದೆ. ಇಲ್ಲದಿದ್ದರೆ ಎರಡು ತಿಂಗಳು ಈ ನಾಲ್ಕು, ಬಳಿಕ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು.